ರೇಟ್ ಇಳಿಸಿ ಮಾರುವುದಾ, ಲೆಕ್ಕ ತೋರಿಸಿ ಮಾರುವುದಾ? ಎರಡನ್ನೂ ಮಾಡಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎರಡನೆಯದಕ್ಕೆ. ಮೊದಲನೆಯದರಲ್ಲಿ ಕೈ ಸುಟ್ಟುಕೊಂಡ ಮೇಲೆ ಬಂದ ಬುದ್ಧಿ ಇದು. ನಾನು ಮಾರುವುದು ಪ್ಯಾಕಿಂಗ್ ಮೆಷಿನ್‌ಗಳ ವಾರ್ಷಿಕ ಸರ್ವಿಸ್ ಕಾಂಟ್ರಾಕ್ಟ್.

ಒಬ್ಬ ಗ್ರಾಹಕರು ಫೋನಿನಲ್ಲಿ "ರೇಟ್ ಜಾಸ್ತಿ ಆಯ್ತಲ್ಲ" ಅಂದರು. ಯಾಕೆ ಅಂತಲೂ ಕೇಳದೆ 10% ಬಿಟ್ಟೆ. ಖುಷಿಪಡುತ್ತಾರೆ ಅಂದುಕೊಂಡರೆ, ಆ ಕಡೆಯಿಂದ ಸದ್ದೇ ಇಲ್ಲ. ಆಮೇಲೆ ಕೇಳಿದರು: "ಇನ್ನೂ ಎಷ್ಟು ಬಿಡ್ತೀರಾ?" ಒಂದೇ ನಿಮಿಷದಲ್ಲಿ ಇಷ್ಟು ಬಿಟ್ಟವನು ಮೊದಲು ಹೇಳಿದ ರೇಟೇ ಸುಳ್ಳು ಅಂತ ಅನ್ನಿಸಿರಬೇಕು. ಅವರದ್ದೇನೂ ತಪ್ಪಿಲ್ಲ.

ರಾತ್ರಿ ಲೆಕ್ಕ ಹಾಕಿದೆ. ನೂರಕ್ಕೆ ಮಾರಿದರೆ ನನಗೆ ಉಳಿಯುತ್ತಿದ್ದದ್ದು 30. ಹತ್ತು ಬಿಟ್ಟರೆ 20. ಎರಡು ಕಾಂಟ್ರಾಕ್ಟಿನಲ್ಲಿ ಬರುತ್ತಿದ್ದ 60 ಬರಬೇಕೆಂದರೆ ಈಗ ಮೂರು ಹಿಡಿಯಬೇಕು. ಕೆಲಸ ಒಂದೂವರೆ ಪಟ್ಟು, ಲಾಭ ಅಷ್ಟೇ!

ಎರಡನೆಯ ದಾರಿಯಲ್ಲಿ ರೇಟಿಗಿಂತ ಮೊದಲು ಪ್ರಶ್ನೆ ಬರುತ್ತದೆ. ಕಳೆದ ಸಲ ಮೆಷಿನ್ ಎಷ್ಟು ಹೊತ್ತು ನಿಂತಿತ್ತು? ಆಗ ಕೆಲಸದವರು ಏನು ಮಾಡಿದರು? ಕಳಿಸಬೇಕಿದ್ದ ಮಾಲು ಏನಾಯಿತು? ಒಬ್ಬ ಪ್ರೊಡಕ್ಷನ್ ಮ್ಯಾನೇಜರ್ ತಾವೇ ಕ್ಯಾಲ್ಕುಲೇಟರ್ ಎಳೆದುಕೊಂಡರು. ಸುಮ್ನೆ ಕೂತ ಆರು ಜನರ ಕೂಲಿ, ಮರುದಿನದ ಓವರ್‌ಟೈಮ್, ತಡವಾದ ಲೋಡು ಅಂತ ಒಂದೊಂದಾಗಿ ಒತ್ತಿದರು. ಎರಡು ಸಲ ನಿಂತದ್ದರ ನಷ್ಟವೇ ನನ್ನ ವರ್ಷದ ರೇಟನ್ನು ದಾಟಿತು. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ. ಅದೇ ಅಂಕಿ ನನ್ನ ಬಾಯಿಂದ ಬಂದಿದ್ದರೆ ಯಾರು ನಂಬುತ್ತಿದ್ದರು?

ತೊಡಕು ಶುರುವಾಗಿದ್ದು ಫೈಲ್ ಪರ್ಚೇಸ್ ವಿಭಾಗಕ್ಕೆ ಹೋದ ಮೇಲೆ. ಕ್ಯಾಲ್ಕುಲೇಟರ್ ಒತ್ತುವಾಗ ಪರ್ಚೇಸ್‌ನವರು ಅಲ್ಲಿರಲಿಲ್ಲ. ಅವರ ಮುಂದೆ ಇದ್ದದ್ದು ಮೂರು ಕೊಟೇಶನ್, ಒಂದು ಎಕ್ಸೆಲ್ ಶೀಟ್. ಮೆಷಿನ್ ನಿಂತ ನಾಲ್ಕು ಗಂಟೆಯೊಳಗೆ ಇಂಜಿನಿಯರ್ ಬರುತ್ತಾರೆ ಅಂತ ನಾನು ಕೊಡುವ ಮಾತಿಗೆ ಆ ಶೀಟಿನಲ್ಲಿ ಕಾಲಂ ಇಲ್ಲ. "ನಿಮ್ಮದೇ ಎಲ್ಲರಿಗಿಂತ ಜಾಸ್ತಿ" ಅಂದರು. ಆರ್ಡರ್ ಹೋಯಿತು. ತಮಾಷೆ ಏನೆಂದರೆ, ವಸ್ತು ಏನು ಕೆಲಸ ಮಾಡುತ್ತದೆ, ಅದಕ್ಕೆ ಎಷ್ಟು ಖರ್ಚು ಅಂತ ತೂಗಿ ನೋಡುವ 'ವ್ಯಾಲ್ಯೂ ಅನಾಲಿಸಿಸ್' ಹುಟ್ಟಿದ್ದೇ ಖರೀದಿ ಮಾಡುವವರ ಕಡೆಯಿಂದ. 1940ರ ದಶಕದಲ್ಲಿ, ಜನರಲ್ ಎಲೆಕ್ಟ್ರಿಕ್‌ನ ಪರ್ಚೇಸ್ ವಿಭಾಗದಲ್ಲಿದ್ದ ಲಾರೆನ್ಸ್ ಮೈಲ್ಸ್ ಅದನ್ನು ರೂಪಿಸಿದರು.

ಈಗ ಮ್ಯಾನೇಜರ್ ಹಾಕಿದ ಲೆಕ್ಕವನ್ನು ಒಂದೇ ಪುಟದಲ್ಲಿ ಬರೆದು, ಅವರಿಂದಲೇ ಪರ್ಚೇಸ್‌ಗೆ ಕಳಿಸುತ್ತೇನೆ. ಅಷ್ಟಕ್ಕೇ ಮುಗಿಯುವುದಿಲ್ಲ. "ಎಷ್ಟು ಇಳಿಸಿದೆ?" ಅಂತ ಪರ್ಚೇಸ್‌ನವರನ್ನೂ ಅವರ ಮೇಲಿನವರು ಕೇಳುತ್ತಾರಲ್ವಾ? ಅವರ ಕೈಗೂ ಏನಾದರೂ ಕೊಡಬೇಕು. ಪೂರ್ತಿ ಹಣ ಮುಂಗಡ ಕೊಟ್ಟರೆ ಸ್ವಲ್ಪ ಕಡಿಮೆ. ವರ್ಷಕ್ಕೆ ನಾಲ್ಕು ಭೇಟಿಯ ಬದಲು ಮೂರು ಸಾಕೆಂದರೆ ಇನ್ನಷ್ಟು ಕಡಿಮೆ. ಬಿಟ್ಟಿಯಾಗಿ ಮಾತ್ರ ಏನೂ ಇಳಿಸುವುದಿಲ್ಲ.

ಸಮಯದ ವಿಷಯದಲ್ಲಿ ಡಿಸ್ಕೌಂಟೇ ಗೆಲ್ಲುತ್ತದೆ. ನನ್ನ ದಾರಿಗೆ ಎರಡು ಮೂರು ಸಲ ಓಡಾಡಬೇಕು.

ಹಳೆ ಸ್ಟಾಕ್ ಖಾಲಿ ಮಾಡಬೇಕಾದವರು, ಎಲ್ಲರ ಹತ್ತಿರವೂ ಸಿಗುವ ನಟ್ಟು ಬೋಲ್ಟು ಮಾರುವವರು ರೇಟ್ ಇಳಿಸಲಿ. ನಾವಿರುವುದು ಇಬ್ಬರೇ. ಒಂದೂವರೆ ಪಟ್ಟು ಕೆಲಸ ಹಿಡಿದರೆ ಆ ನಾಲ್ಕು ಗಂಟೆಯ ಮಾತು ಉಳಿಸಿಕೊಳ್ಳಲು ಆಗುವುದಿಲ್ಲ. ಜೊತೆಗೆ ಫೋನಿನಲ್ಲಿ ಚೌಕಾಸಿ ಮಾಡುವುದು ನನಗೆ ಬರುವುದೂ ಇಲ್ಲ.

ಫೋನ್ ಮಾಡಿದ್ದ ಆ ಗ್ರಾಹಕರು ಈಗಲೂ ಇದ್ದಾರೆ. ರಿನ್ಯೂವಲ್ ಬಂದಾಗಲೆಲ್ಲ ಅವರ ಮಾತು ಶುರುವಾಗುವುದು ನಾನು ಬಿಟ್ಟುಕೊಟ್ಟ ಆ ರೇಟಿನಿಂದಲೇ. ಅದನ್ನು ಮೇಲೆತ್ತಲು ಇನ್ನೂ ಆಗಿಲ್ಲ.