ಸಿಮೆಂಟ್ ಇಲ್ಲದ ಹಿಪ್ ಸ್ಟೆಮ್: ಎಂಟು ವರ್ಷ ಹತ್ತಿರವಾದ ಮೇಲೆ ನನ್ನ ಅನುಭವ

ಎಡ ಸೊಂಟದ ಕೀಲು ಬದಲಾಯಿಸಿಕೊಂಡು ಎಂಟು ವರ್ಷವಾಗುತ್ತಾ ಬಂತು. ಕಾರಣ ಎವಿಎನ್. ತೊಡೆಮೂಳೆಯ ತಲೆಗೆ ರಕ್ತ ಸರಿಯಾಗಿ ಹೋಗದೆ ಮೂಳೆ ಸತ್ತು ಕುಸಿಯುವ ಕಾಯಿಲೆ ಇದು. ವಯಸ್ಸಾದವರಿಗೆ ಮಾತ್ರ ಬರುವುದಲ್ಲ, ನನಗೆ ನಲವತ್ತರ ಆಸುಪಾಸಿನಲ್ಲೇ ಬಂತು.

ಆಪರೇಷನ್ ಅಂದರೆ ಎಲ್ಲರೂ ಚೆಂಡಿನ ಬಗ್ಗೆಯೇ ಕೇಳುತ್ತಾರೆ, ಸೆರಾಮಿಕ್ಕೋ ಮೆಟಲ್ಲೋ ಅಂತ. ಸ್ಟೆಮ್ ಬಗ್ಗೆ ಕೇಳುವವರು ಕಡಿಮೆ. ತೊಡೆಮೂಳೆಯ ಒಳಗೆ ಇಳಿದು ಚೆಂಡನ್ನು ಹೊತ್ತು ನಿಲ್ಲುವ ಭಾಗ ಅದು. ಚೆಂಡು ಕೂರುವ ಬಟ್ಟಲಿನ ಒಳಪದರ ಸವೆದರೆ ಬದಲಾಯಿಸುವುದು ಅಷ್ಟು ಕಷ್ಟವಲ್ಲ. ಮೂಳೆಗೆ ಅಂಟಿಕೊಂಡ ಸ್ಟೆಮ್ ತೆಗೆಯಬೇಕಾದರೆ ಕೆಲವೊಮ್ಮೆ ತೊಡೆಮೂಳೆಯನ್ನೇ ಉದ್ದಕ್ಕೆ ಸೀಳಬೇಕಾಗುತ್ತದೆ. ಹಾಗಾಗಿ ಮೊದಲೇ ಕೇಳಿ ತಿಳಿಯಬೇಕಾದದ್ದು ಇದನ್ನೇ.

ಸ್ಟೆಮನ್ನು ಮೂಳೆಯೊಳಗೆ ಹಿಡಿದಿಡಲು ಹಾಕುವ ಗಾರೆಯಂಥ ವಸ್ತುವಿಗೆ ಸಿಮೆಂಟ್ ಅನ್ನುತ್ತಾರೆ. ನನ್ನದು ಅದಿಲ್ಲದ್ದು, ಟೈಟಾನಿಯಂ ಮಿಶ್ರಲೋಹದ್ದು, ಮೇಲೆ ಹೈಡ್ರಾಕ್ಸಿಅಪಟೈಟ್ ಲೇಪನ. ನಮ್ಮ ಮೂಳೆಯಲ್ಲಿರುವ ಖನಿಜದ ಬಗೆಯದೇ ಆ ಲೇಪನ. ಮೊದಲು ಬಿಗಿಯಾಗಿ ಕೂರಿಸುತ್ತಾರೆ, ಆಮೇಲೆ ಮೂಳೆ ಬೆಳೆದು ಹಿಡಿದುಕೊಳ್ಳುತ್ತದೆ. ಈ ಬಗೆಯಲ್ಲಿ ಹೆಸರು ಮಾಡಿದ ಕೊರೈಲ್ ಸ್ಟೆಮ್ 1986ರಲ್ಲಿ ಫ್ರಾನ್ಸ್‌ನಲ್ಲಿ ಬಳಕೆಗೆ ಬಂತು. ನನ್ನ ಸ್ಟೆಮ್ ಯಾವ ಕಂಪನಿಯದು ಅಂತ ಬರೆಯುತ್ತಿಲ್ಲ. ಯಾವ ಬಗೆ, ಆ ಸರ್ಜನ್‌ಗೆ ಅದರಲ್ಲಿ ಎಷ್ಟು ಕೈ ಪಳಗಿದೆ ಅನ್ನೋದು ಮುಖ್ಯ.

ಸಿಮೆಂಟ್ ಅಂದರೆ ಹಳೇದು, ಅಗ್ಗದ್ದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ತಪ್ಪು. ಇಂಗ್ಲೆಂಡಿನ ಎಕ್ಸೆಟರ್ ಸ್ಟೆಮ್ 1970ರಿಂದ ಬಳಕೆಯಲ್ಲಿದೆ, ಅದು ಸಿಮೆಂಟ್‌ನದ್ದೇ. ವಯಸ್ಸಾಗಿ ಮೂಳೆ ಮೆದುವಾದವರಿಗೆ ನನ್ನಂಥ ಸ್ಟೆಮ್ ಬಡಿದು ಕೂರಿಸುವಾಗ ಮೂಳೆ ಬಿರುಕು ಬಿಡಬಹುದು. ನಿಮ್ಮ ವಯಸ್ಸಾದ ಅಪ್ಪ ಅಮ್ಮನಿಗೆ ಡಾಕ್ಟರ್ ಸಿಮೆಂಟ್ ಹೇಳಿದರೆ ಸುಮ್ನೆ ಗಾಬರಿಯಾಗಬೇಡಿ.

ಮೊದಲ ವರ್ಷ ನನ್ನನ್ನು ಕಾಡಿದ್ದು ತೊಡೆ ನೋವು. ಸೊಂಟದ ಹಳೇ ನೋವು ಹೋಗಿತ್ತು. ಆದರೆ ಕುಳಿತು ಎದ್ದಾಗ, ಮೊದಲ ನಾಲ್ಕು ಹೆಜ್ಜೆ ಇಡುವಾಗ ತೊಡೆಯ ನಡುವೆ ಆಳದಲ್ಲಿ ನೋಯುತ್ತಿತ್ತು. ವಾಕರ್ ಬಿಟ್ಟು ಕೋಲು ಹಿಡಿದಾಗ ಇನ್ನೂ ಜಾಸ್ತಿ ಅನಿಸಿತು. ಡಾಕ್ಟರ್ ಎಕ್ಸ್‌ರೇ ತೆಗೆಸಿ, ಆಪರೇಷನ್ ಆದ ತಕ್ಷಣದ ಎಕ್ಸ್‌ರೇ ಪಕ್ಕ ಇಟ್ಟು ನೋಡಿದರು. ಸ್ಟೆಮ್ ಕೆಳಗೆ ಇಳಿದಿದೆಯಾ ಅಂತ ನೋಡುವುದು. ಇಳಿದಿರಲಿಲ್ಲ. ವರ್ಷ ತುಂಬುವ ಹೊತ್ತಿಗೆ ನೋವು ತಾನಾಗಿ ಕಡಿಮೆಯಾಯಿತು. ಈ ನೋವಿನ ಬಗ್ಗೆ ಮೊದಲೇ ಯಾರಾದರೂ ಹೇಳಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ಆದರೆ ಒಂದು ಮಾತು: ಹೋದ ನೋವು ಕೆಲವು ವರ್ಷದ ನಂತರ ಮತ್ತೆ ಶುರುವಾದರೆ ತಡ ಮಾಡಬೇಡಿ. ಸ್ಟೆಮ್ ಸಡಿಲವಾಗಿರಬಹುದು.

ಈಗ ಬಸ್ ಹತ್ತುತ್ತೇನೆ, ಮೆಟ್ಟಿಲು ಹತ್ತುತ್ತೇನೆ, ಸಂಜೆ ಒಂದಷ್ಟು ದೂರ ನಡೆಯುತ್ತೇನೆ. ನೆಲದ ಮೇಲೆ ಪಂಕ್ತಿಯಲ್ಲಿ ಕೂರುವುದಿಲ್ಲ, ಕುಕ್ಕರಗಾಲಲ್ಲಿ ಕೂರುವುದಂತೂ ಇಲ್ಲವೇ ಇಲ್ಲ. ಚೆಂಡು ಬಟ್ಟಲಿನಿಂದ ಜಾರಬಾರದು ಅಂತ ಈ ಎಚ್ಚರ. ಸ್ಟೆಮ್ ಸಡಿಲವಾಗುತ್ತದೆ ಅಂತಲ್ಲ.

ಬೇಸರ ಆಗಿದ್ದು ಕಾಗದಪತ್ರದ ವಿಷಯದಲ್ಲಿ. ಬಿಲ್ಲಿನಲ್ಲಿ ‘ಇಂಪ್ಲಾಂಟ್’ ಅಂತ ಒಂದೇ ಸಾಲು, ಅದಕ್ಕೊಂದು ದೊಡ್ಡ ಮೊತ್ತ. ಇಂಪ್ಲಾಂಟ್ ಪ್ಯಾಕೆಟ್‌ನ ಸ್ಟಿಕ್ಕರ್ ಬೇಕು ಅಂತ ಮತ್ತೆ ಮತ್ತೆ ಕೇಳಿ ಪಡೆದೆ. ಅದರಲ್ಲಿ ಕಂಪನಿ, ಮಾಡೆಲ್, ಸೈಜ್, ಲಾಟ್ ನಂಬರ್ ಇರುತ್ತವೆ. ಇದು ಯಾಕೆ ಬೇಕು ಅಂದರೆ, 2010ರಲ್ಲಿ ಎಎಸ್‌ಆರ್ ಅನ್ನುವ ಲೋಹದ ಹಿಪ್ ಇಂಪ್ಲಾಂಟನ್ನು ತಯಾರಿಸಿದ ಕಂಪನಿಯೇ ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡಿತು. ನಮ್ಮ ದೇಶದಲ್ಲಿ ಅದನ್ನು ಹಾಕಿಸಿಕೊಂಡಿದ್ದ ಬಹಳ ಜನರನ್ನು ಹುಡುಕಲೇ ಆಗಲಿಲ್ಲ. ಇಂಗ್ಲೆಂಡ್, ಆಸ್ಟ್ರೇಲಿಯಾದಲ್ಲಿ ಹಾಕಿದ ಕೀಲುಗಳ ಲೆಕ್ಕ ಇಡುವ ರಾಷ್ಟ್ರೀಯ ದಾಖಲೆ ಇದೆ. ಇಲ್ಲಿ ನಮ್ಮ ಲೆಕ್ಕ ನಾವೇ ಇಟ್ಟುಕೊಳ್ಳಬೇಕು. ಸ್ಟಿಕ್ಕರ್ ಫೋಟೋ ತೆಗೆದು ಮನೆಯವರ ಫೋನಿನಲ್ಲೂ ಇಡಿ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆ ಅರ್ಧ ಕಳೆದದ್ದು ಮೊದಲ ವರ್ಷದ ತೊಡೆ ನೋವಿಗೆ. ಬಲಗಡೆಯೂ ಎವಿಎನ್ ಶುರುವಾಗಿದೆ. ಆಪರೇಷನ್ ಮಾಡಿಸಲೇಬೇಕಾಗಿ ಬಂದರೆ, ನನ್ನ ಮೂಳೆ ನೋಡಿ ಡಾಕ್ಟರ್ ಬೇರೆ ಹೇಳದಿದ್ದರೆ, ಇದೇ ಬಗೆಯ ಸ್ಟೆಮ್ ಹಾಕಿ ಅಂತ ಕೇಳುತ್ತೇನೆ.