ಮಾವಿನ ಸೊನೆ, ಡ್ರಿಪ್ ಪೈಪು, ಜೇಬಿನ ಚಾಕು: ಮೂರು ಮಡಚುವ ಚಾಕುಗಳ ನಾಲ್ಕು ವರ್ಷದ ಬಳಕೆ

ಶ್ರೀನಿವಾಸಪುರದ ಬಳಿ ನಮ್ಮದೊಂದು ಮಾವಿನ ತೋಟವಿದೆ. ಅದರ ಮಗ್ಗುಲಲ್ಲಿ ಒಂದಿಷ್ಟು ಟೊಮೆಟೊ ಬೆಳೆಯುತ್ತೇವೆ. ಡ್ರಿಪ್ ಪೈಪು ಕತ್ತರಿಸಲು, ಟೊಮೆಟೊ ಗಿಡಗಳನ್ನು ಕೋಲಿಗೆ ಕಟ್ಟಿದ ದಾರ ಕೊಯ್ಯಲು, ಗೊಬ್ಬರದ ಚೀಲದ ಹೊಲಿಗೆ ಬಿಚ್ಚಲು, ಕಾಯಿ ಬಲಿತು ವಾಟೆಯ ಸುತ್ತಲಿನ ತಿರುಳು ಹಳದಿಗೆ ತಿರುಗಿದೆಯೇ ಎಂದು ಸೀಳಿ ನೋಡಲು ದಿನಕ್ಕೆ ಹತ್ತು ಸಲವಾದರೂ ಚಾಕು ಬೇಕಾಗುತ್ತದೆ. ಈ ನಾಲ್ಕು ವರ್ಷಗಳಲ್ಲಿ ನನ್ನ ಜೇಬಿನಲ್ಲಿ ಮೂರು ಮಡಚುವ ಚಾಕುಗಳು ಇದ್ದವು: ಅಗ್ಗದ ಒಂದು ಲೈನರ್ ಲಾಕ್ ಚಾಕು, ಫ್ರಾನ್ಸಿನ ಒಪಿನೆಲ್ 8ನೇ ನಂಬರು ಮತ್ತು ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಸ್ಪಾರ್ಟನ್.

ಮೊದಲು ಕೊಂಡದ್ದು ಲೈನರ್ ಲಾಕ್. ಹಿಡಿಯ ಒಳಗಿನ ತಗಡಿನ ಒಂದು ಪಟ್ಟಿ, ಅಲಗು ಪೂರ್ತಿ ಬಿಚ್ಚಿಕೊಂಡಾಗ ಪಕ್ಕಕ್ಕೆ ಚಿಮ್ಮಿ ಅದರ ಬುಡಕ್ಕೆ ಒತ್ತಾಗಿ ನಿಲ್ಲುತ್ತದೆ. ಒಂದೇ ಕೈಯಲ್ಲಿ ಬಿಚ್ಚಬಹುದಾದ್ದರಿಂದ ಇನ್ನೊಂದು ಕೈಯಲ್ಲಿ ಪೈಪು ಹಿಡಿದವನಿಗೆ ಇದು ಬಹಳ ಅನುಕೂಲ. ಆದರೆ ಎಂಟನೇ ತಿಂಗಳಲ್ಲಿ, 16 ಮಿಲಿಮೀಟರಿನ ಪೈಪನ್ನು ಒತ್ತಿ ಕತ್ತರಿಸುವಾಗ ಪಟ್ಟಿ ಜಾರಿ ಅಲಗು ತೋರುಬೆರಳಿನ ಮೇಲೆ ಮಡಚಿಕೊಂಡಿತು. ಮೂರು ಹೊಲಿಗೆ ಬಿದ್ದವು. ನಮ್ಮ ಕೆಂಪು ಮಣ್ಣಿನ ದೂಳು ಆ ಸಂದಿಯಲ್ಲಿ ಗಟ್ಟಿಯಾಗಿ ಕೂತಿತ್ತು, ಪಟ್ಟಿಯ ತುದಿಯೂ ಸವೆದಿತ್ತು. ಒಳ್ಳೆಯ ತಯಾರಿಕೆಯ ಲೈನರ್ ಲಾಕ್ ಹೀಗೆ ಕೈಕೊಡಬೇಕಾಗಿಲ್ಲ, ಆದರೆ ಅಗ್ಗದ ಚಾಕುವಿನ ಲಾಕನ್ನು ನಂಬಿ ಒತ್ತಡ ಹಾಕುವುದನ್ನು ನಾನು ಅಂದೇ ಬಿಟ್ಟೆ.

ಒಪಿನೆಲ್‌ನಲ್ಲಿ ಇಂಥ ಸೂಕ್ಷ್ಮ ಭಾಗವೇ ಇಲ್ಲ. ಸವಾಯ್ ಪ್ರಾಂತದ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ ಈ ಚಾಕುವಿಗೆ ಬೀಚ್ ಮರದ ಹಿಡಿ, ಒಂದು ಅಲಗು, ಒಂದು ಮೊಳೆ, ಎರಡು ಲೋಹದ ಬಳೆಗಳು, ಅಷ್ಟೇ. 1955ರಲ್ಲಿ ಸೇರಿದ ಹೊರಗಿನ ಬಳೆಯನ್ನು ತಿರುಗಿಸಿದರೆ ಅಲಗು ಬಿಚ್ಚಿದ ಸ್ಥಿತಿಯಲ್ಲೇ ಬಿಗಿಯಾಗುತ್ತದೆ, ಬಳೆಯೊಳಗೆ ದೂಳು ಸೇರಿದರೂ ಬಟ್ಟೆಯಿಂದ ಒರೆಸಿದರೆ ಸಾಕು. ಎಂಟೂವರೆ ಸೆಂಟಿಮೀಟರಿನ ತೆಳು ಅಲಗು ಹಣ್ಣನ್ನು ಕೊಯ್ಯುವ ನಯವನ್ನು ಉಳಿದೆರಡರಲ್ಲಿ ಕಾಣಲಿಲ್ಲ.

ನಾನು ಆರಿಸಿದ್ದು ಕಾರ್ಬನ್ ಉಕ್ಕಿನ ಅಲಗು, ಮತ್ತು ಮಾವಿನ ತೋಟದವನಿಗೆ ಅದು ತಪ್ಪು ಆಯ್ಕೆ. ಕಬ್ಬಿಣದ ಈಳಿಗೆಮಣೆಯಲ್ಲಿ ಬಾಳೆಕಾಯಿ ಹೆಚ್ಚಿದವರಿಗೆ ಕಾರಣ ಗೊತ್ತು: ತೋತಾಪುರಿಯ ಹುಳಿ ತಗುಲಿದ ಕೆಲವೇ ನಿಮಿಷಗಳಲ್ಲಿ ಅಲಗು ಕಪ್ಪಾಗುತ್ತದೆ, ಕೊಯ್ದ ಹೋಳಿಗೆ ಕಬ್ಬಿಣದ ಒಗರು ಹತ್ತುತ್ತದೆ. ಸೊನೆ ಒರೆಸದೆ ರಾತ್ರಿ ಬಿಟ್ಟರೆ ಬೆಳಗ್ಗೆ ತುಕ್ಕಿನ ಚುಕ್ಕೆ ಕಾಣುತ್ತದೆ. ತಿಂಗಳುಗಳ ಬಳಕೆಯಲ್ಲಿ ಇಡೀ ಅಲಗು ಬೂದುಬಣ್ಣಕ್ಕೆ ತಿರುಗಿದ ಮೇಲೆ ಈ ಕಾಟ ಸಾಕಷ್ಟು ತಗ್ಗಿತು, ಆದರೂ ಕೊಬ್ಬರಿ ಎಣ್ಣೆಯ ಬಟ್ಟೆಯನ್ನು ಜೊತೆಗಿಟ್ಟುಕೊಳ್ಳಲೇಬೇಕು. ಹಿಂಗಾರು ಮಳೆಯಲ್ಲಿ ಇನ್ನೊಂದು ತೊಂದರೆ. ಒದ್ದೆಯಾದ ಮರ ಉಬ್ಬಿ ಅಲಗನ್ನು ಕಚ್ಚಿ ಹಿಡಿಯುತ್ತದೆ, ಉಗುರು ಮುರಿದರೂ ಬಿಚ್ಚುವುದಿಲ್ಲ. ಹಿಡಿಯ ಹಿಂತುದಿಯನ್ನು ಕಲ್ಲಿಗೆ ಮೆಲ್ಲಗೆ ತಟ್ಟಿದರೆ ಅಲಗಿನ ತುದಿ ತಾನೇ ಮೇಲೆದ್ದು ಬರುತ್ತದೆ. ಸವಾಯ್ ಪ್ರಾಂತದವರ ಹಳೆಯ ಉಪಾಯವಿದು, ನಮ್ಮಲ್ಲೂ ಕೆಲಸ ಮಾಡಿತು. ಕಳೆದ ವರ್ಷ ನನ್ನ ತಮ್ಮನಿಗೆ ಸ್ಟೇನ್‌ಲೆಸ್ ಅಲಗಿನ ಒಪಿನೆಲ್ ಕೊಡಿಸಿದೆ. ಒಂದು ಇಡೀ ಮಾವಿನ ಸುಗ್ಗಿ ಕಳೆದರೂ ಅದರಲ್ಲಿ ಒಂದು ಕಲೆಯೂ ಇಲ್ಲ.

ಈಗ ನನ್ನ ಜೇಬಿನಲ್ಲಿರುವುದು ಸ್ಪಾರ್ಟನ್. ಮಡಚಿದಾಗ 91 ಮಿಲಿಮೀಟರ್ ಉದ್ದದ ಇದಕ್ಕೆ ಲಾಕ್ ಇಲ್ಲ, ಬೆನ್ನಿನ ಸ್ಪ್ರಿಂಗ್ ಮಾತ್ರ ಅಲಗನ್ನು ತಡೆದು ಹಿಡಿಯುತ್ತದೆ. ಬೆರಳಿಗೆ ಹೊಲಿಗೆ ಬಿದ್ದವನು ಲಾಕ್ ಇಲ್ಲದ ಚಾಕುವನ್ನೇಕೆ ಆರಿಸಿದ ಎಂದು ಕೇಳಬಹುದು. ಲಾಕ್ ಇಲ್ಲವೆಂಬುದು ಗೊತ್ತಿರುವುದರಿಂದಲೇ ಕೈ ಎಚ್ಚರವಾಗಿರುತ್ತದೆ: ಚುಚ್ಚುವುದಿಲ್ಲ, ಮೀಟುವುದಿಲ್ಲ, ಅಲಗನ್ನು ಅದರ ಹರಿತ ಬಾಯಿಯ ಕಡೆಗಷ್ಟೇ ಒತ್ತಿ ಎಳೆದು ಕೊಯ್ಯುತ್ತೇನೆ. ಇದರ ನಿಜವಾದ ಅನುಕೂಲ ಎರಡು ಅಲಗುಗಳಿರುವುದು. ದೊಡ್ಡದು ಪೈಪು, ದಾರ, ಚೀಲಕ್ಕೆ. ಚಿಕ್ಕದನ್ನು ಹಣ್ಣಿಗೆಂದೇ ಮೀಸಲಿಟ್ಟಿದ್ದೇನೆ. ಔಷಧಿ ಪೊಟ್ಟಣ ಕತ್ತರಿಸಿದ ಅಲಗಿನಲ್ಲಿ ಹಣ್ಣು ಕೊಯ್ದು ಮಕ್ಕಳಿಗೆ ಕೊಡುವ ಪ್ರಮೇಯವೇ ಇಲ್ಲವಾಗಿದ್ದು ನನಗೆ ದೊಡ್ಡ ನೆಮ್ಮದಿ. ಉಕ್ಕು ಅಷ್ಟೇನೂ ಗಡಸಲ್ಲ, ರಾಕ್‌ವೆಲ್ ಮಾಪನದಲ್ಲಿ ಸುಮಾರು 56. ವಾರಕ್ಕೊಮ್ಮೆ ಮೊಂಡಾಗುತ್ತದೆ, ಸಾಣೆಕಲ್ಲಿನ ಮೇಲೆ ಹತ್ತಿಪ್ಪತ್ತು ಸಲ ಎಳೆದರೆ ಮತ್ತೆ ಹರಿತವಾಗುತ್ತದೆ. ಬಿರಡೆ ತೆಗೆಯುವ ಸುರುಳಿ ನಮ್ಮ ಮನೆಯಲ್ಲಿ ನಿರುಪಯೋಗಿ; ಅದರ ಬದಲು ಕತ್ತರಿ ಬೇಕೆನ್ನುವವರು ಇದೇ ಉದ್ದದ ಸೂಪರ್ ಟಿಂಕರ್ ನೋಡಬಹುದು.

ಕಸಿ ಕಟ್ಟುವವರಿಗೆ ಒಂದು ಮಾತು: ಈ ಮೂರರಲ್ಲಿ ಯಾವುದೂ ಅದಕ್ಕೆ ತಕ್ಕದ್ದಲ್ಲ. ಇವುಗಳ ಬಾಯಿ ಎರಡೂ ಕಡೆ ಇಳಿಜಾರಾಗಿರುವುದರಿಂದ ಕಡ್ಡಿಯ ಕೊಯ್ತ ಸಮತಟ್ಟಾಗಿ ಬರುವುದು ಕಷ್ಟ; ಒಂದೇ ಕಡೆ ಇಳಿಜಾರಿರುವ ಕಸಿ ಚಾಕುವನ್ನೇ ಕೊಳ್ಳಬೇಕು. ಇನ್ನು ವಿಮಾನದಲ್ಲಿ ಹೋಗುವವರು ಇವನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ, ಚೆಕ್-ಇನ್ ಮಾಡುವ ಪೆಟ್ಟಿಗೆಯಲ್ಲೇ ಹಾಕಬೇಕು. ಹಳೆಯ ಕಾರ್ಬನ್ ಒಪಿನೆಲ್ ತೋಟದ ಮನೆಯ ಗೂಡಿನಲ್ಲಿದೆ, ದಾರ ಕೊಯ್ಯಲು ಕೂಲಿಯವರು ಅದನ್ನೇ ಕೇಳಿ ಪಡೆಯುತ್ತಾರೆ. ಮಳೆ ಹಿಡಿಯುವ ಮುನ್ನ ಅದರ ಹಿಡಿಗೆ ಮತ್ತೊಮ್ಮೆ ಅಗಸೆ ಎಣ್ಣೆ ಹಚ್ಚಿ ಒಣಗಿಸಬೇಕು.