ಪಟಾಕಿ ದುಡ್ಡು: ಮೈದಾನದ ಮಳಿಗೆಗೋ, ಅತ್ತಿಬೆಲೆಗೋ, ಬಡಾವಣೆಯ ಚಂದಾಕ್ಕೋ?

ದೀಪಾವಳಿಗೆ ಕೊಳ್ಳುವಾಗ ಪಟಾಕಿ ಡಬ್ಬದ ಮೇಲಿನ ಎಂ.ಆರ್.ಪಿ. ನಂಬಬೇಡಿ. ಶೇ 80, ಶೇ 90 ರಿಯಾಯಿತಿ ಎಂದು ಬೋರ್ಡು ಹಾಕಲಿಕ್ಕೆಂದೇ ಅಚ್ಚಾದ ಅಂಕಿ ಅದು. ಜೇಬಿನಿಂದ ಹೋಗುವ ದುಡ್ಡನ್ನು ಶಾಟ್‌ಗಳ, ಅಂದರೆ ಡಬ್ಬದಿಂದ ಒಂದೊಂದಾಗಿ ಆಕಾಶಕ್ಕೆ ಹಾರಿ ಸಿಡಿಯುವ ಗುಂಡುಗಳ, ಸಂಖ್ಯೆಯಿಂದ ಭಾಗಿಸಿ. ಬೆಂಗಳೂರಿನ ಯಾವ ಅಂಗಡಿಯನ್ನಾದರೂ ಹಾಗೆ ಅಳೆಯಬಹುದು.

ಮೈದಾನದ ಮಳಿಗೆ ಹತ್ತಿರ, ಆದರೆ ದುಬಾರಿ. ತಮಿಳುನಾಡು ಗಡಿಯ ಅತ್ತಿಬೆಲೆ–ಹೊಸೂರು ಸಾಲಂಗಡಿಯಲ್ಲಿ 400 ರೂಪಾಯಿ ಆಸುಪಾಸಿಗೆ ಸಿಗುವ 30 ಶಾಟ್‌ನ ಡಬ್ಬಕ್ಕೆ ಇಲ್ಲಿ 600 ದಾಟುವುದುಂಟು. ಸುರುಸುರು ಬತ್ತಿ, ಹೂಕುಂಡ, ನೆಲಚಕ್ರದಲ್ಲಿ ವ್ಯತ್ಯಾಸ ಡಬ್ಬಕ್ಕೆ ಹತ್ತಿಪ್ಪತ್ತು ರೂಪಾಯಿ; ಅವನ್ನು ಇಲ್ಲೇ ಕೊಳ್ಳಿ. ಗಿಫ್ಟ್ ಬಾಕ್ಸ್ ಮಾತ್ರ ಬೇಡ. ಬಣ್ಣದ ಬೆಂಕಿಕಡ್ಡಿ, ಹಾವಿನ ಮಾತ್ರೆಗಳಿಂದಲೇ ಅದರ ಹೊಟ್ಟೆ ತುಂಬಿರುತ್ತದೆ.

ಅತ್ತಿಬೆಲೆಗೆ ಹೋಗಿಬರಲು ನಗರದ ನಡುವಿನಿಂದ ಸುಮಾರು 70 ಕಿ.ಮೀ. ಪೆಟ್ರೋಲಿಗೇ 500 ರೂಪಾಯಿ, ಮೇಲೆ ಟೋಲು, ಹಬ್ಬದ ಮುನ್ನಾದಿನಗಳ ಟ್ರಾಫಿಕ್ಕು. ಬಿಲ್ಲು 5,000 ದಾಟದಿದ್ದರೆ ಗಿಟ್ಟುವುದಿಲ್ಲ. 2023ರ ಅಕ್ಟೋಬರ್ 7ರಂದು ಅಲ್ಲಿಯ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದು ಹದಿನಾಲ್ಕಕ್ಕೂ ಹೆಚ್ಚು ಜನ ಸತ್ತರು. ಒಂದೇ ಬಾಗಿಲಿನ, ಮಾಲು ತುರುಕಿದ ಅಂಗಡಿಯೊಳಗೆ ಕಾಲಿಡಬೇಡಿ. ಡಬ್ಬದ ಮೇಲೆ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್–ನೀರಿಯ ಹಸಿರು ಪಟಾಕಿ (ಹೊಗೆ ಕಡಿಮೆಯದು) ಲಾಂಛನ, ಕ್ಯೂಆರ್ ಕೋಡ್ ಇದೆಯೇ ನೋಡಿ. ಸರ ಪಟಾಕಿಯನ್ನು ಸುಪ್ರೀಂ ಕೋರ್ಟ್ 2018ರಲ್ಲೇ ನಿಷೇಧಿಸಿದೆ, ಅಗ್ಗಕ್ಕೆ ಕೊಟ್ಟರೂ ಬಿಟ್ಟುಬಿಡಿ.

ನಮ್ಮ ಮತ ಬಡಾವಣೆಯವರೆಲ್ಲ ದುಡ್ಡು ಹಾಕಿ ಒಟ್ಟಿಗೆ ಸುಡುವ ಚಂದಾಕ್ಕೆ. 1,000 ರೂಪಾಯಿಗೆ ಒಂದು ಮನೆ ಮೈದಾನದ ಮಳಿಗೆಯಿಂದ ಒಂದು 30 ಶಾಟ್, ಒಂದಷ್ಟು ಹೂಕುಂಡ ತಂದರೆ ಮುಗಿಯಿತು. ಅಷ್ಟನ್ನೇ ಹತ್ತು ಮನೆಯವರು ಹಾಕಿದರೆ ಸಾಲಂಗಡಿ ದರದಲ್ಲಿ 240 ಶಾಟ್ ಒಂದು, 120 ಶಾಟ್ ಎರಡು, 30 ಶಾಟ್ ಆರು ಬರುತ್ತವೆ: ಒಟ್ಟು 660 ಶಾಟ್, ಬಿಡುವು ಸೇರಿ ಇಪ್ಪತ್ತು ನಿಮಿಷದ ಆಟ. ಹೇಗೂ ಆಕಾಶಕ್ಕೆ ಹೋದದ್ದನ್ನು ಬೀದಿಯೆಲ್ಲ ನೋಡುತ್ತದೆ, ಪ್ರತಿ ಮನೆಯೂ ಬೇರೆಬೇರೆ ಸುಡುವುದರಲ್ಲಿ ಅರ್ಥವಿಲ್ಲ.

ಕೆಡುವುದು ಜಾಗದ ಆಯ್ಕೆಯಲ್ಲಿ. ಅಪಾರ್ಟ್‌ಮೆಂಟಿನ ಎರಡು ಬ್ಲಾಕ್‌ಗಳ ನಡುವೆ ಹಚ್ಚಿದರೆ ಶಾಟ್ ಸಿಡಿಯುವುದು ಮೇಲಿನ ಬಾಲ್ಕನಿಗಳ ಎತ್ತರಕ್ಕೆ, ಒಣಗಲು ಹಾಕಿದ ಬಟ್ಟೆಯ ಪಕ್ಕದಲ್ಲಿ. ತೆರೆದ ಮೈದಾನವೇ ಬೇಕು. ಶಾಟ್‌ಗಳು ಹಾರುತ್ತಾ ಹೋದಂತೆ ಡಬ್ಬ ಹಗುರಾಗಿ, ಒದೆತಕ್ಕೆ ವಾಲಿ, ಕೊನೆಯವು ಜನರತ್ತ ನುಗ್ಗುತ್ತವೆ. ಅದಕ್ಕೇ ಮೂರನೇ ಒಂದು ಭಾಗ ಮರಳಲ್ಲಿ ಹೂತು ನಾಲ್ಕೂ ಬದಿಗೆ ಇಟ್ಟಿಗೆ ಒತ್ತಬೇಕು. ನೋಡುವವರು ಗಾಳಿ ಬೀಸಿಬರುವ ಕಡೆ, ಕನಿಷ್ಠ 25 ಮೀಟರ್ ದೂರದಲ್ಲಿ. ಹಚ್ಚುವವರು ಒಬ್ಬರೇ, ಹತ್ತಿ ಬಟ್ಟೆ, ಕನ್ನಡಕ, ಉದ್ದನೆಯ ಊದುಬತ್ತಿ. ಹತ್ತದ ಡಬ್ಬದ ಮೇಲೆ ಬಗ್ಗಿ ನೋಡುವುದೇ ಕಣ್ಣು ಕಳೆದುಕೊಳ್ಳುವ ದಾರಿ. ಇಪ್ಪತ್ತು ನಿಮಿಷ ಬಿಟ್ಟು ನೀರು ಸುರಿಯಿರಿ. ರಾತ್ರಿ 8ರಿಂದ 10ರೊಳಗೆ ಮುಗಿಸಬೇಕಾದ್ದರಿಂದ ಹೂಳುವ ಕೆಲಸ ಬೆಳಕಿರುವಾಗಲೇ ಆಗಲಿ. ಮಳೆ ಬಂದರೆ ಬತ್ತಿ ನೆನೆಯುತ್ತದೆ, ಪ್ಲಾಸ್ಟಿಕ್ ಹಾಳೆ ಕೈಗೆಟುಕುವಂತಿರಲಿ.

ಸುಡುವ ಉಸಾಬರಿಯೇ ಬೇಡ, ನೋಡಿದರೆ ಸಾಕು ಎನ್ನುವವರಿಗೆ ದಕ್ಷಿಣ ಕನ್ನಡದಲ್ಲಿ ಏಪ್ರಿಲ್ 17ರ ಪುತ್ತೂರು ಬೆಡಿ, ಅಂದರೆ ಸಿಡಿಮದ್ದಿನ ಪ್ರದರ್ಶನ, ಇದೆ. ಮಹಾಲಿಂಗೇಶ್ವರನ ಜಾತ್ರೆಯದು, ಟಿಕೆಟ್ಟಿಲ್ಲ. ಕರಾವಳಿಯವರಿಗೆ ಬಸ್ ಚಾರ್ಜಷ್ಟೇ ಖರ್ಚು. ಬೆಂಗಳೂರಿನಿಂದಾದರೆ ಹೋಗಿಬರುವ ಖರ್ಚೇ ಚಂದಾವನ್ನು ಮೀರುತ್ತದೆ. ಕಾರು ತಂದವರು ಊರ ಹೊರಗೇ ನಿಲ್ಲಿಸಿ ನಡೆಯುವುದು ವಾಸಿ.